ನೀರೊಳಗಿನ ಎಲೆಯ ಗುಟ್ಟು ಅರಸಿದ ಆಗ್ನೆಸ್ ಆರ್ಬರ್

ಬೆಂಗಳೂರು: ರಾಜಾಜಿನಗರ, ವಿಜಯನಗರದ ಮನೆಗಳಲ್ಲಿ ಅಕ್ವೇರಿಯಂ ತಳಕ್ಕೆ ಹಸಿರು ಹಾಸು ಬೆಳೆಸುವ ಹವ್ಯಾಸಿಗಳಿದ್ದಾರೆ. ಅಂಗಡಿಯಿಂದ ತಂದ ಮಾಂಟೆ ಕಾರ್ಲೊ, ಗ್ಲಾಸೊಸ್ಟಿಗ್ಮಾ ಗಿಡಗಳ ಎಲೆ ನೀರಿಗಿಳಿದ ಕೆಲವೇ ದಿನಗಳಲ್ಲಿ ಕೊಳೆತಾಗ, ಗಿಡವೇ ಸತ್ತಿತೆಂದು ಕಿತ್ತೆಸೆಯುವವರೂ ಉಂಟು. ಅದು ಬಹುಪಾಲು ಸಾವಲ್ಲ, ರೂಪಾಂತರ. ನೀರಿನ ಸಸ್ಯಗಳ ಇಂತಹ ಬದುಕನ್ನು ಶತಮಾನದ ಹಿಂದೆಯೇ ಗ್ರಂಥವಾಗಿಸಿದವರು ಬ್ರಿಟಿಷ್ ಸಸ್ಯವಿಜ್ಞಾನಿ ಆಗ್ನೆಸ್ ಆರ್ಬರ್.

1879ರ ಫೆಬ್ರವರಿ 23ರಂದು ಲಂಡನ್ನಿನಲ್ಲಿ ಜನಿಸಿದ ಅವರು, ಅಲ್ಲಿನ ಯೂನಿವರ್ಸಿಟಿ ಕಾಲೇಜು ಹಾಗೂ ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. 1909ರಲ್ಲಿ ಸಸ್ಯ ಪಳೆಯುಳಿಕೆಗಳ ತಜ್ಞ ನ್ಯೂವೆಲ್ ಆರ್ಬರ್ ಅವರನ್ನು ವಿವಾಹವಾಗಿ ಕೇಂಬ್ರಿಜ್‌ನಲ್ಲಿ ನೆಲೆಸಿದರು. 1918ರಲ್ಲಿ ಪತಿ ನಿಧನರಾದಾಗ ಒಬ್ಬಳೇ ಮಗಳು ಇನ್ನೂ ಪುಟ್ಟ ಬಾಲಕಿ. ಸಂಸಾರದ ಹೊಣೆ ಹೆಗಲೇರಿದರೂ ಸಂಶೋಧನೆ ನಿಲ್ಲಲಿಲ್ಲ. ಎರಡೇ ವರ್ಷದಲ್ಲಿ, 1920ರಲ್ಲಿ, 'ವಾಟರ್ ಪ್ಲಾಂಟ್ಸ್' ಗ್ರಂಥ ಹೊರಬಂತು.

ಹೂಬಿಡುವ ಜಲಸಸ್ಯಗಳ ಪೂರ್ವಜರು ನೆಲದ ಗಿಡಗಳೇ ಎಂದು ಅದರಲ್ಲಿ ಅವರು ಪ್ರತಿಪಾದಿಸಿದರು. ಒಂದೇ ಗಿಡ ಗಾಳಿಯಲ್ಲಿ ಒಂದು ಬಗೆಯ, ನೀರಿನಲ್ಲಿ ಇನ್ನೊಂದು ಬಗೆಯ ಎಲೆ ತಳೆಯುವುದನ್ನೂ ವಿವರಿಸಿದರು. ಗಾಳಿಯಲ್ಲಿ ಬೆಳೆದ ಎಲೆಗೆ ತೇವ ಕಾಯುವ ಮೇಣದ ಹೊದಿಕೆ, ಉಸಿರಾಟಕ್ಕೆ ಪತ್ರರಂಧ್ರಗಳಿರುತ್ತವೆ. ನೀರೊಳಗೆ ಇವು ನಿರುಪಯುಕ್ತ. ಅಲ್ಲಿ ಮೂಡುವ ಹೊಸ ಎಲೆ ತೆಳುವಾಗಿದ್ದು, ಇಂಗಾಲದ ಡೈ ಆಕ್ಸೈಡನ್ನು ನೀರಿನಿಂದಲೇ ಹೀರುತ್ತದೆ. ಪಾಚಿ, ಬಸವನಹುಳುವಿನ ಕಾಟ ತಪ್ಪಿಸಲು ನರ್ಸರಿಗಳು ಗಿಡಗಳನ್ನು ನೀರಿನ ಹೊರಗೆ ಬೆಳೆಸುವುದರಿಂದಲೇ ಮನೆಯ ತೊಟ್ಟಿಯಲ್ಲಿ ಹಳೆಯ ಎಲೆ ಕರಗುತ್ತದೆ.

ಆರ್ಬರ್ ಅವರಿಗೂ ನೆಲೆ ಬದಲಿಸುವ ಪ್ರಸಂಗ ಎದುರಾಯಿತು. ಅವರು ಕೆಲಸ ಮಾಡುತ್ತಿದ್ದ, ಮಹಿಳೆಯರಿಗೆಂದೇ ಇದ್ದ ಬಾಲ್ಫರ್ ಪ್ರಯೋಗಾಲಯ 1927ರಲ್ಲಿ ಮುಚ್ಚಿತು. ಮನೆಯ ಸಣ್ಣ ಕೋಣೆಯೇ ಅವರ ಪ್ರಯೋಗಾಲಯವಾಯಿತು. ಹುಲ್ಲಿನ ಕುಲದ ಕುರಿತ ಗ್ರಂಥ 1934ರಲ್ಲಿ ಪ್ರಕಟವಾಯಿತು. 1946ರಲ್ಲಿ ರಾಯಲ್ ಸೊಸೈಟಿಗೆ ಆಯ್ಕೆಯಾದ ಪ್ರಥಮ ಸಸ್ಯವಿಜ್ಞಾನಿ ಮಹಿಳೆ ಎನಿಸಿದರು. 1948ರಲ್ಲಿ ಲಿನ್ನಿಯನ್ ಸೊಸೈಟಿಯ ಚಿನ್ನದ ಪದಕವೂ ಸಂದಿತು. 1960ರ ಮಾರ್ಚ್ 22ರಂದು ಕೇಂಬ್ರಿಜ್‌ನಲ್ಲಿ ನಿಧನರಾದರು.

ಹವ್ಯಾಸಿಗಳಿಗೆ ಇದರಲ್ಲಿ ಪಾಠವಿದೆ. ಮೊದಲು ತೇವದ ಮಣ್ಣಿನಲ್ಲಿ ಬೇರೂರಲು ಬಿಟ್ಟು, ಬಳಿಕ ನೀರು ತುಂಬಿಸಬಹುದು. ಕೊಳೆತ ಎಲೆಗಳನ್ನಷ್ಟೇ ತೆಗೆದು, ಬೇರು ಕದಲಿಸದೆ ಕೆಲ ವಾರ ಕಾಯಬೇಕು. ಬುಡದಲ್ಲಿ ಪುಟ್ಟ ಚಿಗುರು ಕಂಡರೆ ಗಿಡ ನೀರಿಗೆ ಒಗ್ಗಿತೆಂದೇ ಅರ್ಥ.