ಪೆಟ್ಟಿಗೆಯೊಳಗೆ ನಿಂತು ಪರೀಕ್ಷಿಸಿದ ಫ್ಯಾರಡೆ

ಅಂಬ್ಲಿಗೊಳದಲ್ಲಿ ಅಭ್ಯಾಸ ಬೋಧನೆಗೆ ನಾನು ಆರಿಸಿಕೊಂಡ ವಿಷಯ ಸ್ಥಾಯಿ ವಿದ್ಯುತ್ ಮತ್ತು ಸಿಡಿಲು. ಅಲ್ಲಿನ ಮಕ್ಕಳಿಗೆ ಇದು ಪರೀಕ್ಷೆಗಷ್ಟೇ ಬೇಕಾದ ಪಾಠವಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಳೆ ಬರುವಾಗ ಅವರು ಹೊಲದಲ್ಲೋ ಜಲಾಶಯದ ದಂಡೆಯಲ್ಲೋ ಇರಬಹುದು. ಹನಿ ಬಿದ್ದೊಡನೆ ಮರದಡಿಗೆ ಓಡುವುದು ಎಲ್ಲರಿಗೂ ರೂಢಿ. ಆದ್ದರಿಂದ ವ್ಯಾಖ್ಯೆಯಿಂದ ಆರಂಭಿಸದೆ ಮೈಕೆಲ್ ಫ್ಯಾರಡೆ ಅವರ ಜೀವನದಿಂದ ಆರಂಭಿಸಿದೆ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಬಳಿ. ತಂದೆ ಕಮ್ಮಾರ. ಮನೆಯಲ್ಲಿ ಬಡತನ, ಶಾಲೆಯ ಓದು ಅತ್ಯಲ್ಪ. 14ನೇ ವಯಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಗೆ ಕೆಲಸ ಕಲಿಯಲು ಸೇರಿದರು. ರಟ್ಟು ಕಟ್ಟಲು ಬಂದ ವಿಶ್ವಕೋಶದಲ್ಲಿ ವಿದ್ಯುತ್ತಿನ ಲೇಖನ ಓದಿ, ಗಾಜಿನ ಬಾಟಲಿಯಿಂದ ತಾವೇ ಆವೇಶ ಹುಟ್ಟಿಸುವ ಯಂತ್ರ ಮಾಡಿಕೊಂಡರು. 1812ರಲ್ಲಿ ಹಂಫ್ರಿ ಡೇವಿ ಅವರ ಉಪನ್ಯಾಸ ಕೇಳಿ, ಟಿಪ್ಪಣಿಗಳಿಗೆ ರಟ್ಟು ಕಟ್ಟಿ ಅವರಿಗೇ ಕಳಿಸಿದರು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು.

1836ರಲ್ಲಿ ಅವರು 12 ಅಡಿ ಉದ್ದ, ಅಗಲ, ಎತ್ತರದ ಮರದ ಚೌಕಟ್ಟು ಮಾಡಿಸಿ, ಅದಕ್ಕೆ ತಾಮ್ರದ ತಂತಿಯನ್ನೂ ಲೋಹದ ತಗಡನ್ನೂ ಹೊದಿಸಿದರು. ನೆಲಕ್ಕೆ ತಾಗದಂತೆ ಅದನ್ನು ನಿಲ್ಲಿಸಿ, ಸೂಕ್ಷ್ಮ ವಿದ್ಯುದ್ದರ್ಶಕ ಹಿಡಿದು ಒಳಗೆ ಹೋದರು. ಯಂತ್ರದಿಂದ ಆವೇಶ ಕೊಟ್ಟಾಗ ಹೊರಮೈಯಿಂದ ಕಿಡಿ ಹಾರಿದವು. ಒಳಗೆ ವಿದ್ಯುದ್ದರ್ಶಕ ಅಲುಗಲಿಲ್ಲ. ವಾಹಕದ ಆವೇಶ ಅದರ ಹೊರಮೈಯಲ್ಲೇ ನಿಲ್ಲುತ್ತದೆ ಎಂಬುದನ್ನು ಅವರು ಹೀಗೆ ತೋರಿಸಿದರು.

ಪ್ರಶಿಕ್ಷಣಾರ್ಥಿಗಳಾದ ನಮಗೆ ಇನ್ನೊಂದು ಮಾತೂ ಮುಖ್ಯ. ಫ್ಯಾರಡೆ ಹುಟ್ಟಾ ಬೋಧಕರಲ್ಲ. ಬೇರೆ ಉಪನ್ಯಾಸಕರ ಧ್ವನಿ, ವೇಗ, ಪ್ರಯೋಗ ತೋರಿಸುವ ರೀತಿಯನ್ನು ಗಮನಿಸಿ ಬರೆದಿಟ್ಟುಕೊಂಡರು. ಭಾಷಣ ಕಲೆಯ ಪಾಠ ಹೇಳಿಸಿಕೊಂಡರು. ತಮ್ಮ ಉಪನ್ಯಾಸಕ್ಕೆ ಗೆಳೆಯನನ್ನು ಕೂರಿಸಿ ತಪ್ಪು ಗುರುತಿಸಲು ಹೇಳಿದರು. ನಾವು ಮಾಡುವ ಪಾಠ ವೀಕ್ಷಣೆಯೂ ಇದೇ ಅಲ್ಲವೇ? 1827ರಿಂದ 1860ರವರೆಗೆ ಮಕ್ಕಳಿಗಾಗಿ 19 ಕ್ರಿಸ್‌ಮಸ್ ಉಪನ್ಯಾಸಮಾಲೆಗಳನ್ನು ನಡೆಸಿದರು. 1867ರ ಆಗಸ್ಟ್ 25ರಂದು ತೀರಿಕೊಂಡರು.

ತರಗತಿಯಲ್ಲಿ ಇದಕ್ಕೆ ದೊಡ್ಡ ಪೆಟ್ಟಿಗೆ ಬೇಡ. ಸ್ಟೀಲ್ ತಟ್ಟೆಯಲ್ಲಿ ಕಾಗದದ ಚೂರು ಹಾಕಿ, ಒಣ ಕೂದಲಿಗೆ ಉಜ್ಜಿದ ಪ್ಲಾಸ್ಟಿಕ್ ಸ್ಕೇಲ್ ಹಿಡಿದರೆ ಚೂರುಗಳು ಮೇಲೇಳುತ್ತವೆ. ಪೂರ್ತಿ ಲೋಹದ ಜರಡಿಯನ್ನು ಅವುಗಳ ಮೇಲೆ ಬೋರಲು ಹಾಕಿ ಮತ್ತೆ ಹಿಡಿದರೆ ಏಳುವುದಿಲ್ಲ. ಈ ಪಾಠವನ್ನು ಜನವರಿ, ಫೆಬ್ರವರಿಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮಳೆಗಾಲದ ತೇವದಲ್ಲಿ ಆವೇಶ ಬೇಗ ಸೋರಿಹೋಗುತ್ತದೆ.

ಇಲ್ಲಿಂದ ಸಿಡಿಲಿಗೆ ಬರುವುದು ಸುಲಭ. ಕಿಟಕಿ ಮುಚ್ಚಿದ ಬಸ್ಸಿನೊಳಗೆ ನಮ್ಮನ್ನು ಕಾಯುವುದು ಅದರ ಲೋಹದ ಮೈ, ರಬ್ಬರಿನ ಗಾಲಿಯಲ್ಲ. ಮರಕ್ಕೆ ಅಂಥ ಲೋಹದ ಹೊದಿಕೆ ಇಲ್ಲ. ಅದಕ್ಕೆ ಬಡಿದ ಸಿಡಿಲು ಪಕ್ಕದಲ್ಲಿ ನಿಂತವರ ಮೈಗೂ ಹಾರಬಲ್ಲದು. ಗುಡುಗು ಕೇಳಿದ ಕೂಡಲೇ ನೀರು, ಬಯಲು, ಒಂಟಿ ಮರ ಬಿಟ್ಟು ಪಕ್ಕಾ ಕಟ್ಟಡ ಸೇರಬೇಕು. ಮಗು ಇಷ್ಟನ್ನು ಕಾರಣಸಹಿತ ಮನೆಯಲ್ಲಿ ಹೇಳಿದರೆ ನಮ್ಮ ಪಾಠದ ಉದ್ದೇಶ ಈಡೇರಿತು.