ತಾವೇ ಕಾಯ್ದ ಗೋಡೆಯನ್ನು ದಾಟಿದ ಡ್ಯಾನಿ ಕ್ರೇವನ್

ರಗ್ಬಿ ಲೋಕದಲ್ಲಿ ದಕ್ಷಿಣ ಆಫ್ರಿಕಾ ಮತ್ತು ನ್ಯೂಜಿಲೆಂಡ್ ನಡುವಿನ ಹಣಾಹಣಿಗೆ ನಮ್ಮಲ್ಲಿನ ಭಾರತ–ಪಾಕಿಸ್ತಾನ ಕ್ರಿಕೆಟ್‌ನಷ್ಟೇ ಕಾವು. 1921ರಲ್ಲಿ ಆರಂಭವಾದ ಈ ಪೈಪೋಟಿಯಲ್ಲಿ ಆಟಗಾರ, ತರಬೇತುದಾರ, ಆಡಳಿತಗಾರರಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೊಡಗಿಕೊಂಡಿದ್ದವರು ಡ್ಯಾನಿ ಕ್ರೇವನ್.

1910ರಲ್ಲಿ ಲಿಂಡ್ಲಿ ಎಂಬ ಊರಿನ ಬಳಿ ಜನಿಸಿದ ಕ್ರೇವನ್, ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದಲ್ಲಿ ಕಲಿತರು. ಮೂರು ಡಾಕ್ಟರೇಟ್ ಪಡೆದ ಅವರನ್ನು ದೇಶವೆಲ್ಲ ಡಾಕ್ಟರ್ ಎಂದೇ ಕರೆಯಿತು. 1931ರಿಂದ 1938ರವರೆಗೆ 16 ಟೆಸ್ಟ್ ಆಡಿದರು. ಮೈಯನ್ನೇ ಗಾಳಿಗೆ ಚಿಮ್ಮಿಸಿ ಚೆಂಡು ಎಸೆಯುವ ಅವರ ಪಾಸ್ ಹೆಸರುವಾಸಿ. 1937ರಲ್ಲಿ ನ್ಯೂಜಿಲೆಂಡ್ ನೆಲದಲ್ಲಿ ಮೊದಲ ಬಾರಿ ಸರಣಿ ಗೆದ್ದ ತಂಡದಲ್ಲಿ ಅವರಿದ್ದರು.

1949ರಲ್ಲಿ ಅವರ ತರಬೇತಿಯಲ್ಲಿ ದಕ್ಷಿಣ ಆಫ್ರಿಕಾ ನ್ಯೂಜಿಲೆಂಡ್ ತಂಡವನ್ನು 4–0ಯಿಂದ ಸೋಲಿಸಿತು. ಆದರೆ ಆ ತಂಡದಲ್ಲಿ ಒಬ್ಬ ಮಾವೋರಿ ಆಟಗಾರನೂ ಇರಲಿಲ್ಲ. ವರ್ಣಭೇದದ ನಾಡಿಗೆ ಅವರನ್ನು ಕರೆತರುವಂತಿರಲಿಲ್ಲ. ಎದುರಾಳಿಯ ಕೆಲವು ಸಮರ್ಥರನ್ನು ಮನೆಯಲ್ಲೇ ಬಿಡಿಸಿ ಪಡೆದ ಗೆಲುವದು. 1956ರಲ್ಲಿ ನ್ಯೂಜಿಲೆಂಡ್‌ಗೆ ಹೋದಾಗ 3–1ರ ಸೋಲು ಕಾದಿತ್ತು.

ಅದೇ ವರ್ಷ ಬಿಳಿಯರ ರಗ್ಬಿ ಮಂಡಳಿಯ ಅಧ್ಯಕ್ಷರಾದ ಕ್ರೇವನ್, ದಶಕಗಳ ಕಾಲ ಆ ವ್ಯವಸ್ಥೆಯನ್ನು ಸಮರ್ಥಿಸಿದರು. ಇದನ್ನು ಮರೆಮಾಚುವ ಅಗತ್ಯವಿಲ್ಲ. ಮಾವೋರಿ ಪ್ರಶ್ನೆಯಿಂದಲೇ 1967ರ ನ್ಯೂಜಿಲೆಂಡ್ ಪ್ರವಾಸ ರದ್ದಾಯಿತು. 1970ರಲ್ಲಿ ಮಾವೋರಿಗಳಿಗೆ ಗೌರವ ಬಿಳಿಯರೆಂಬ ವಿಚಿತ್ರ ಪಟ್ಟ ಕಟ್ಟಿ ಕರೆಸಲಾಯಿತು. 1981ರಲ್ಲಿ ಸ್ಪ್ರಿಂಗ್‌ಬಾಕ್ ತಂಡ ಬಂದಾಗ ನ್ಯೂಜಿಲೆಂಡ್‌ನ ಬೀದಿಗಳಲ್ಲಿ ಪ್ರತಿಭಟನಕಾರರೂ ಪೊಲೀಸರೂ ಕೈಕೈ ಮಿಲಾಯಿಸಿದರು. ಮೈದಾನದಲ್ಲಿ ಗೆಲ್ಲಲು ಎದುರಾಳಿಯೇ ಇಲ್ಲದಾಗುವ ದಿನ ಹತ್ತಿರವಾಗಿತ್ತು.

1988ರ ಅಕ್ಟೋಬರ್‌ನಲ್ಲಿ, 78ರ ವಯಸ್ಸಿನಲ್ಲಿ, ಕ್ರೇವನ್ ಹರಾರೆಗೆ ತೆರಳಿ ಆಗ ನಿಷೇಧಿತವಾಗಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಜತೆ ಮಾತುಕತೆಗೆ ಕುಳಿತರು. ಪ್ರಿಟೋರಿಯಾ ಸರ್ಕಾರ ಕೆರಳಿತು. ಅವರು ಹಿಂಜರಿಯಲಿಲ್ಲ. ಹೃದಯ ಬದಲಾಗಿತ್ತೋ, ರಗ್ಬಿ ಉಳಿಸುವ ಹಟವೋ? ಬಹುಶಃ ಎರಡನೆಯದೇ ಹೆಚ್ಚು. 1992ರಲ್ಲಿ ಬಿಳಿಯರ ಮತ್ತು ಬಿಳಿಯರಲ್ಲದವರ ಮಂಡಳಿಗಳು ಒಂದಾದವು. ಅದೇ ಆಗಸ್ಟ್‌ನಲ್ಲಿ ಜೊಹಾನ್ಸ್‌ಬರ್ಗ್‌ಗೆ ಬಂದ ನ್ಯೂಜಿಲೆಂಡ್ 27–24ರಿಂದ ಗೆದ್ದಿತು.

1993ರ ಜನವರಿ 4ರಂದು ಕ್ರೇವನ್ ನಿಧನರಾದರು. 1995ರ ವಿಶ್ವಕಪ್ ಫೈನಲ್‌ನಲ್ಲಿ ನ್ಯೂಜಿಲೆಂಡ್ ಸೋತದ್ದನ್ನು ಅವರು ನೋಡಲಿಲ್ಲ. 2023ರ ಫೈನಲ್‌ನಲ್ಲಿ ಅದೇ ಎದುರಾಳಿಯನ್ನು 12–11ರಿಂದ ಮಣಿಸಿದ ತಂಡದ ನಾಯಕ ಸಿಯಾ ಕೊಲಿಸಿ. ಕ್ರೇವನ್ ಅಧ್ಯಕ್ಷತೆಯ ಬಹುಕಾಲ ಸ್ಪ್ರಿಂಗ್‌ಬಾಕ್ ಅಂಗಿ ತೊಡುವ ಅವಕಾಶವೇ ಇರದಿದ್ದ ಕಪ್ಪು ಜನಾಂಗದವರು.