ನೇಗಿಲಿನ ಬೆಲೆಗಾಗಿ ಹೋರಾಡಿದ ಹ್ಯಾರಿ ಫರ್ಗುಸನ್

ಯಾವ ಊರಿನ ಟ್ರ್ಯಾಕ್ಟರನ್ನೇ ನೋಡಿದರೂ ಅದರ ಹಿಂಬದಿಯಲ್ಲಿ ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ಉಕ್ಕಿನ ತೋಳುಗಳು ಕಾಣಿಸುತ್ತವೆ. ನೇಗಿಲಿರಲಿ, ಕಲ್ಟಿವೇಟರ್ ಇರಲಿ, ಕೂರಿಗೆ ಇರಲಿ, ಆ ಮೂರು ತೋಳುಗಳಿಗೇ ಜೋಡಿಸಬೇಕು. ಈ ಜೋಡಣೆಯನ್ನು ಕೃಷಿಲೋಕಕ್ಕೆ ಕೊಟ್ಟವರು ಐರ್ಲೆಂಡಿನ ರೈತ ಕುಟುಂಬದಲ್ಲಿ ಹುಟ್ಟಿದ ಹ್ಯಾರಿ ಫರ್ಗುಸನ್. ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಹಳೆಯ ಟ್ರ್ಯಾಕ್ಟರ್ ಉಪಕರಣಗಳನ್ನು ಹುಡುಕಿ, ಗುರುತಿಸಿ, ಬೆಲೆ ಕಟ್ಟಿ ಕೊಳ್ಳುವ ಹವ್ಯಾಸಿಗಳು ಇಂದಿಗೂ ಆಸೆಯಿಂದ ಅರಸುವ ಹೆಸರುಗಳಲ್ಲಿ ಅವರದೂ ಒಂದು.

ಟ್ರ್ಯಾಕ್ಟರ್ ಎಂಬುದು ಅರ್ಧ ಯಂತ್ರ ಮಾತ್ರ, ಅದರ ಹಿಂದೆ ಕಟ್ಟುವ ಉಪಕರಣವೇ ಇನ್ನರ್ಧ ಎಂಬುದು ಫರ್ಗುಸನ್ ಅವರ ದೃಢ ನಂಬಿಕೆಯಾಗಿತ್ತು. ಆ ಇನ್ನರ್ಧಕ್ಕೆ ತಕ್ಕ ಬೆಲೆ ಸಿಗಬೇಕೆಂದು ಅವರು ನಡೆಸಿದ ಹೋರಾಟವೇ ಅವರ ಬದುಕಿನ ಕಥೆ.

ಬೇಸಾಯ ಒಲ್ಲದ ರೈತನ ಮಗ

ಫರ್ಗುಸನ್ ಜನಿಸಿದ್ದು 1884ರ ನವೆಂಬರ್ 4ರಂದು, ಐರ್ಲೆಂಡಿನ ಕೌಂಟಿ ಡೌನ್ ಪ್ರದೇಶದ ಗ್ರೋವೆಲ್ ಎಂಬ ಹಳ್ಳಿಯಲ್ಲಿ. ಹನ್ನೊಂದು ಮಕ್ಕಳಲ್ಲಿ ಅವರು ನಾಲ್ಕನೆಯವರು. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ತಂದೆಯ ಹೊಲಕ್ಕೆ ಇಳಿದರಾದರೂ ಕುದುರೆಗಳ ಹಿಂದೆ ನೇಗಿಲು ಹಿಡಿದು ನಡೆಯುವ ದುಡಿಮೆ ಅವರಿಗೆ ಒಗ್ಗಲಿಲ್ಲ. 1902ರಲ್ಲಿ ಬೆಲ್‌ಫಾಸ್ಟ್ ನಗರಕ್ಕೆ ಹೋಗಿ, ಅಣ್ಣ ಜೋ ನಡೆಸುತ್ತಿದ್ದ ಸೈಕಲ್ ಮತ್ತು ಕಾರು ರಿಪೇರಿ ಅಂಗಡಿಯನ್ನು ಸೇರಿದರು.

ಅಲ್ಲಿ ಅವರ ಕೈಗೆ ಯಂತ್ರದ ಭಾಷೆ ತಿಳಿಯಿತು. ಮೋಟಾರ್ ಸೈಕಲ್ ಮತ್ತು ಕಾರು ಪಂದ್ಯಗಳಲ್ಲಿ ಭಾಗವಹಿಸಿದರು. ವಿಮಾನದ ಸುದ್ದಿ ಯುರೋಪಿನಲ್ಲೆಲ್ಲ ಹರಡುತ್ತಿದ್ದ ಕಾಲವದು. ತಾವೇ ಒಂದು ವಿಮಾನ ಕಟ್ಟಿದ ಫರ್ಗುಸನ್, 1909ರ ಡಿಸೆಂಬರ್ 31ರಂದು ಹಿಲ್ಸ್‌ಬರೋದಲ್ಲಿ ಅದನ್ನು ಸುಮಾರು 130 ಗಜ ದೂರ ಹಾರಿಸಿದರು. ಐರ್ಲೆಂಡಿನ ನೆಲದಿಂದ ಎಂಜಿನ್ ಬಲದಲ್ಲಿ ಮೇಲೇರಿದ ಮೊದಲ ವಿಮಾನ ಅದೇ. 1911ರಲ್ಲಿ ಸ್ವಂತ ಮೋಟಾರು ವ್ಯಾಪಾರ ಆರಂಭಿಸಿದರು, 1913ರಲ್ಲಿ ಮಾರೀನ್ ವಾಟ್ಸನ್ ಅವರನ್ನು ವಿವಾಹವಾದರು. ಹೊಲದಿಂದ ದೂರ ಸರಿದ ಅವರನ್ನು ಮತ್ತೆ ಹೊಲಕ್ಕೆ ಕರೆತಂದದ್ದು ಮೊದಲ ಮಹಾಯುದ್ಧ.

ಜೀವ ತೆಗೆಯುತ್ತಿದ್ದ ಜೋಡಣೆ

ಯುದ್ಧಕಾಲದ ಆಹಾರ ಕೊರತೆಯಿಂದಾಗಿ ಸರ್ಕಾರ ಟ್ರ್ಯಾಕ್ಟರ್ ಉಳುಮೆಗೆ ಒತ್ತು ಕೊಟ್ಟಿತು. 1917ರಲ್ಲಿ ಐರ್ಲೆಂಡಿನ ಕೃಷಿ ಮಂಡಳಿ ಟ್ರ್ಯಾಕ್ಟರುಗಳ ಬಳಕೆಯನ್ನು ಸುಧಾರಿಸುವ ಹೊಣೆಯನ್ನು ಫರ್ಗುಸನ್ ಅವರಿಗೆ ವಹಿಸಿತು. ಸಹೋದ್ಯೋಗಿ ವಿಲಿ ಸ್ಯಾಂಡ್ಸ್ ಜೊತೆ ಊರೂರು ಸುತ್ತಿದ ಅವರಿಗೆ ಒಂದು ವಿಷಯ ಸ್ಪಷ್ಟವಾಯಿತು. ದೋಷವಿದ್ದದ್ದು ಎಂಜಿನ್ನಿನಲ್ಲಲ್ಲ, ನೇಗಿಲನ್ನು ಕಟ್ಟುವ ರೀತಿಯಲ್ಲಿ.

ಆಗಿನ ಟ್ರ್ಯಾಕ್ಟರುಗಳು ಕುದುರೆಯ ಹಾಗೆ ನೇಗಿಲನ್ನು ಎಳೆಯುತ್ತಿದ್ದವು, ಅಷ್ಟೇ. ನೇಗಿಲು ಬೇರೆ, ಟ್ರ್ಯಾಕ್ಟರ್ ಬೇರೆ. ನೇಗಿಲಿನ ತುದಿ ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಮುಂದಿನ ಚಕ್ರಗಳು ಮೇಲೆದ್ದು, ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚಿ ಚಾಲಕನ ಮೇಲೆಯೇ ಬೀಳುವ ಅಪಾಯವಿತ್ತು. ಹೆನ್ರಿ ಫೋರ್ಡ್ ಅವರ ಹೆಸರಾಂತ ಫೋರ್ಡ್‌ಸನ್ ಟ್ರ್ಯಾಕ್ಟರಿನಲ್ಲಿ ಹೀಗೆ ಪ್ರಾಣ ಕಳೆದುಕೊಂಡ ರೈತರಿದ್ದರು. ಹಿಂಚಕ್ರಗಳಿಗೆ ಹಿಡಿತ ಬರಲೆಂದು ಟ್ರ್ಯಾಕ್ಟರನ್ನು ಭಾರವಾಗಿ ಕಟ್ಟಿದರೆ ಮಣ್ಣು ಗಟ್ಟಿಯಾಗುತ್ತಿತ್ತು, ಬೆಲೆಯೂ ಏರುತ್ತಿತ್ತು.

ಟ್ರ್ಯಾಕ್ಟರ್ ಮತ್ತು ನೇಗಿಲನ್ನು ಒಂದೇ ದೇಹವಾಗಿಸುವುದು ಫರ್ಗುಸನ್ ಕಂಡುಕೊಂಡ ಪರಿಹಾರ. ಹಗುರವಾದ ನೇಗಿಲನ್ನು ನೇರವಾಗಿ ಟ್ರ್ಯಾಕ್ಟರಿಗೆ ಜೋಡಿಸುವ ಪ್ರಯೋಗಗಳು ವರ್ಷಗಟ್ಟಲೆ ನಡೆದವು. ಈ ನೇಗಿಲುಗಳನ್ನು ತಯಾರಿಸಲು 1925ರಲ್ಲಿ ಅಮೆರಿಕದ ಶೆರ್ಮನ್ ಸಹೋದರರೊಂದಿಗೆ ಅವರು ಕಂಪನಿ ಕಟ್ಟಿದರು. ಆದರೆ 1928ರಲ್ಲಿ ಫೋರ್ಡ್ ಅಮೆರಿಕದಲ್ಲಿ ಫೋರ್ಡ್‌ಸನ್ ತಯಾರಿಕೆಯನ್ನೇ ನಿಲ್ಲಿಸಿದಾಗ ಆ ಆಸರೆ ಕಳಚಿತು.

ಮೂರು ತೋಳುಗಳ ಮರ್ಮ

ಕೊನೆಗೆ ಫಲಿಸಿದ್ದು ಮೂರು ತೋಳುಗಳ ಜೋಡಣೆ ಮತ್ತು ಹೈಡ್ರಾಲಿಕ್ ನಿಯಂತ್ರಣ. ಕೆಳಗಿನ ಎರಡು ತೋಳುಗಳು ನೇಗಿಲನ್ನು ಎಳೆಯುತ್ತವೆ. ನೇಗಿಲು ಮಣ್ಣನ್ನು ಸೀಳುವಾಗ ಮುಂದಕ್ಕೆ ಬಾಗಲು ಯತ್ನಿಸುತ್ತದೆ, ಆಗ ಮೇಲಿನ ತೋಳು, ಅಂದರೆ ನಮ್ಮ ರೈತರು ಟಾಪ್ ಲಿಂಕ್ ಎನ್ನುವ ಭಾಗ, ಟ್ರ್ಯಾಕ್ಟರಿನತ್ತ ಒತ್ತಲ್ಪಡುತ್ತದೆ. ಆ ಒತ್ತಡ ಒಂದು ಸ್ಪ್ರಿಂಗನ್ನು ಅಮುಕಿ ಹೈಡ್ರಾಲಿಕ್ ಕವಾಟಕ್ಕೆ ಸೂಚನೆ ಕೊಡುತ್ತದೆ. ಮಣ್ಣು ಗಟ್ಟಿಯಾಗಿ ಎಳೆತ ಹೆಚ್ಚಿದೊಡನೆ ನೇಗಿಲು ತುಸು ಮೇಲೇಳುತ್ತದೆ, ಎಳೆತ ತಗ್ಗಿದರೆ ಮತ್ತೆ ಇಳಿಯುತ್ತದೆ. ನೇಗಿಲಿನ ಭಾರವೂ ಮಣ್ಣಿನ ಒತ್ತಡವೂ ಹಿಂಚಕ್ರಗಳ ಮೇಲೆ ಬಿದ್ದು, ಹಗುರ ಟ್ರ್ಯಾಕ್ಟರಿಗೂ ಹಿಡಿತ ಸಿಗುತ್ತದೆ. ಮೇಲಿನ ತೋಳು ಒತ್ತಿ ಹಿಡಿಯುವುದರಿಂದ ಮುಂಚಕ್ರಗಳು ನೆಲ ಬಿಡುವುದಿಲ್ಲ.

1933ರಲ್ಲಿ ಸಿದ್ಧವಾದ ಮಾದರಿಗೆ ಕಪ್ಪು ಬಣ್ಣ ಬಳಿದಿದ್ದರಿಂದ ಅದು ಕಪ್ಪು ಟ್ರ್ಯಾಕ್ಟರ್ ಎಂದೇ ಹೆಸರಾಯಿತು. 1936ರಲ್ಲಿ ಡೇವಿಡ್ ಬ್ರೌನ್ ಸಂಸ್ಥೆಯ ಸಹಯೋಗದಲ್ಲಿ ಫರ್ಗುಸನ್-ಬ್ರೌನ್ ಟ್ರ್ಯಾಕ್ಟರ್ 224 ಪೌಂಡ್ ಬೆಲೆಗೆ ಮಾರುಕಟ್ಟೆಗೆ ಬಂತು. ಅದಕ್ಕಾಗಿಯೇ ಮಾಡಿದ ನೇಗಿಲು ಮೊದಲಾದ ಉಪಕರಣಗಳನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಮನೆಯಲ್ಲಿ ಈಗಾಗಲೇ ಕುದುರೆ ನೇಗಿಲಿದ್ದ ರೈತ ಹಿಂಜರಿದ. ಸುಮಾರು 1,350 ಟ್ರ್ಯಾಕ್ಟರುಗಳಷ್ಟೇ ತಯಾರಾದವು. ಉಪಕರಣದ ಬೆಲೆ ರೈತನ ಕೈಗೆಟುಕದಿದ್ದರೆ ಎಂತಹ ಶೋಧವೂ ಸೋಲುತ್ತದೆ ಎಂಬ ಪಾಠವನ್ನು ಈ ಅನುಭವ ಕಲಿಸಿತು. ಕೃಷಿಯ ಖರ್ಚು ಇಳಿದರೆ ಆಹಾರದ ಬೆಲೆ ಇಳಿಯುತ್ತದೆ, ಆಹಾರ ಅಗ್ಗವಾದರೆ ಬಡತನ ಕರಗುತ್ತದೆ ಎಂದು ಅವರು ಮುಂದೆ ಸರ್ಕಾರಗಳ ಮುಂದೆಯೂ ಪಟ್ಟುಹಿಡಿದು ವಾದಿಸಿದರು.

ಕೈಕುಲುಕಿದ ಒಪ್ಪಂದ, ಕೋರ್ಟಿಗೇರಿದ ಜಗಳ

1938ರ ಅಕ್ಟೋಬರ್‌ನಲ್ಲಿ ಫರ್ಗುಸನ್ ತಮ್ಮ ಟ್ರ್ಯಾಕ್ಟರನ್ನು ಅಮೆರಿಕದ ಡಿಯರ್‌ಬಾರ್ನ್‌ಗೆ ಒಯ್ದು, ಹೆನ್ರಿ ಫೋರ್ಡ್ ಅವರ ಮನೆಯಂಗಳದ ಹೊಲದಲ್ಲೇ ಉತ್ತು ತೋರಿಸಿದರು. ಫೋರ್ಡ್ ಮಾರುಹೋದರು. ಟ್ರ್ಯಾಕ್ಟರ್ ತಯಾರಿಕೆ ಫೋರ್ಡ್ ಅವರದು, ಶೋಧ, ಉಪಕರಣ ಮತ್ತು ಮಾರಾಟ ಫರ್ಗುಸನ್ ಅವರದು ಎಂದು ಇಬ್ಬರೂ ಕೈಕುಲುಕಿದರು. ಕಾಗದವಿಲ್ಲ, ಸಹಿಯಿಲ್ಲ. 1939ರ ಜೂನ್‌ನಲ್ಲಿ ಹೊರಬಂದ ಫೋರ್ಡ್-ಫರ್ಗುಸನ್ 9ಎನ್ ಟ್ರ್ಯಾಕ್ಟರಿನ ಬೆಲೆ 585 ಡಾಲರ್. ಈ ಸಹಯೋಗದಲ್ಲಿ 1947ರವರೆಗೆ 3 ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ತಯಾರಾದವು.

ಫೋರ್ಡ್ ಅವರ ಮೊಮ್ಮಗ ಎರಡನೇ ಹೆನ್ರಿ ಫೋರ್ಡ್ ಅಧಿಕಾರಕ್ಕೆ ಬಂದಾಗ ಗಾಳಿ ತಿರುಗಿತು. ಟ್ರ್ಯಾಕ್ಟರ್ ವಿಭಾಗ ನಷ್ಟದಲ್ಲಿತ್ತು, ಮಾರಾಟದ ಲಾಭ ಫರ್ಗುಸನ್ ಕಡೆಗೆ ಹೋಗುತ್ತಿತ್ತು. 1946ರ ಕೊನೆಗೆ ಒಪ್ಪಂದ ಮುರಿಯುವ ನಿರ್ಧಾರ ಹೊರಬಿತ್ತು. 1947ರಲ್ಲಿ ಫೋರ್ಡ್ ತನ್ನದೇ 8ಎನ್ ಟ್ರ್ಯಾಕ್ಟರನ್ನು ಬಿಡುಗಡೆ ಮಾಡಿತು. ಅದರ ಬೆನ್ನಿಗಿದ್ದದ್ದು ಫರ್ಗುಸನ್ ಅವರ ಜೋಡಣೆಯೇ, ಹೆಸರು ಮಾತ್ರ ಇರಲಿಲ್ಲ.

ಫರ್ಗುಸನ್ 25.1 ಕೋಟಿ ಡಾಲರ್ ಪರಿಹಾರ ಕೋರಿ ದಾವೆ ಹೂಡಿದರು. ಜಗತ್ತಿನ ಬಲಾಢ್ಯ ಕಂಪನಿಯ ವಿರುದ್ಧದ ಈ ಮೊಕದ್ದಮೆ ನಾಲ್ಕು ವರ್ಷ ನಡೆದು, 1952ರ ಏಪ್ರಿಲ್‌ನಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಕೇಳಿದ್ದರ ಇಪ್ಪತ್ತೈದರಲ್ಲಿ ಒಂದು ಪಾಲಿಗೂ ಕಡಿಮೆ ಮೊತ್ತವಿದು. ಆದರೂ ಪೇಟೆಂಟ್ ಬಳಕೆಗೆ ಫೋರ್ಡ್ ಹಣ ತೆರಬೇಕಾಯಿತು, ಹೈಡ್ರಾಲಿಕ್ ವಿನ್ಯಾಸವನ್ನು ಬದಲಿಸಬೇಕಾಯಿತು. ಒಬ್ಬ ಶೋಧಕನ ಮಟ್ಟಿಗೆ ಇದು ಗೆಲುವೇ ಸರಿ.

ಬೂದು ಬಣ್ಣದ ಟ್ರ್ಯಾಕ್ಟರ್

ಈ ಜಗಳದ ನಡುವೆಯೇ ಫರ್ಗುಸನ್ ಅವರ ಅತಿ ದೊಡ್ಡ ಸಾಧನೆ ರೂಪುಗೊಂಡಿತ್ತು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯ ಬ್ಯಾನರ್ ಲೇನ್ ಕಾರ್ಖಾನೆಯಿಂದ 1946ರಲ್ಲಿ ಟಿಇ-20 ಟ್ರ್ಯಾಕ್ಟರ್ ಹೊರಬಂತು. 1956ರವರೆಗೆ 5 ಲಕ್ಷಕ್ಕೂ ಮಿಕ್ಕಿ ತಯಾರಾದ ಈ ಪುಟ್ಟ ಬೂದು ಯಂತ್ರ ಬ್ರಿಟನ್ನಿನ ಹೊಲಗಳಿಂದ ಕುದುರೆಯನ್ನು ಹೊರಗೆ ಕಳುಹಿಸಿದ ಯಂತ್ರಗಳಲ್ಲಿ ಮುಖ್ಯವಾದುದು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವವನ್ನು ತಲುಪಿದ್ದೂ ಪಟ್ಟಿ ಜೋಡಿಸಿದ ಫರ್ಗುಸನ್ ಟ್ರ್ಯಾಕ್ಟರುಗಳಲ್ಲೇ.

ನೇಗಿಲು, ಟಿಲ್ಲರ್, ಹುಲ್ಲು ಕೊಯ್ಯುವ ಯಂತ್ರ, ಆಲೂಗಡ್ಡೆ ನೆಡುವ ಯಂತ್ರ, ಗೊಬ್ಬರ ಹರಡುವ ಗಾಡಿ, ಗರಗಸದ ಮೇಜು, ಟ್ರೇಲರ್, ಹೀಗೆ ಹತ್ತಾರು ಉಪಕರಣಗಳನ್ನು ಇದಕ್ಕೆಂದೇ ತಯಾರಿಸಲಾಯಿತು. ಟ್ರ್ಯಾಕ್ಟರ್ ಜೊತೆ ಕೊಡುತ್ತಿದ್ದ ಒಂದೇ ಸ್ಪ್ಯಾನರ್ ಮುಖ್ಯ ನಟ್ಟುಗಳಿಗೆಲ್ಲ ಹೊಂದುತ್ತಿತ್ತು. ಅದರ ಮೇಲೆ ಇಂಚಿನ ಗುರುತುಗಳಿದ್ದುದರಿಂದ ಉಳುಮೆಯ ಅಳತೆಗೂ ಅದೇ ಸಾಕಾಗುತ್ತಿತ್ತು.

ಹಳೆಯದನ್ನು ಗುರುತಿಸುವ ಬಗೆ

ಇಂದು ಈ ಉಪಕರಣಗಳು ಸಂಗ್ರಾಹಕರ ಕೈಯಲ್ಲಿವೆ. ಅವುಗಳನ್ನು ಗುರುತಿಸಲು ಫರ್ಗುಸನ್ ಅವರ ಕಥೆಯೇ ಕೀಲಿಕೈ. ಟಿಇ-20ರ ಕ್ರಮಸಂಖ್ಯೆ ಚಾಲಕನ ಎದುರಿನ ಫಲಕದಲ್ಲಿರುತ್ತದೆ. ಅದರ ಮುಂದಿನ ಅಕ್ಷರಗಳು ಎಂಜಿನ್ ಯಾವುದೆಂದು ಹೇಳುತ್ತವೆ. ಟಿಇಎ ಎಂದರೆ ಪೆಟ್ರೋಲ್, ಟಿಇಎಫ್ ಎಂದರೆ ಡೀಸೆಲ್. ನೇಗಿಲಿನ ಸಂಕೇತದ ಆರಂಭದಲ್ಲಿರುವ 10 ಅಥವಾ 12 ಎಂಬ ಅಂಕೆ ಸಾಲಿನ ಅಗಲವನ್ನು ಇಂಚಿನಲ್ಲಿ ಸೂಚಿಸುತ್ತದೆ. ಅಮೆರಿಕದಲ್ಲಿ ಸಿಗುವ ಉಪಕರಣದ ಮೇಲೆ ಫರ್ಗುಸನ್ ಬದಲು ಡಿಯರ್‌ಬಾರ್ನ್ ಎಂಬ ಹೆಸರಿದ್ದರೆ ಅದು ಫೋರ್ಡ್ ಒಪ್ಪಂದ ಮುರಿದ ನಂತರದ್ದು. ಎರಡೂ ಒಂದೇ ಟ್ರ್ಯಾಕ್ಟರಿಗೆ ಹೊಂದುತ್ತವೆ ಎಂಬುದರಲ್ಲೇ ಆ ಜಗಳದ ಸಾರವಿದೆ.

ಫಲಕ ಕಳಚಿಹೋಗಿದ್ದರೆ ಅಳತೆಯೇ ಗತಿ. ಫರ್ಗುಸನ್ ಜೋಡಣೆಯಿಂದ ಬೆಳೆದ ಮೊದಲನೇ ವರ್ಗದ ಉಪಕರಣಗಳಲ್ಲಿ ಕೆಳಗಿನ ಪಿನ್ನಿನ ದಪ್ಪ 7/8 ಇಂಚು, ಮೇಲಿನದು 3/4 ಇಂಚು. ಮನೆಯಂಗಳದ ತೋಟಕ್ಕೆಂದು ಅಮೆರಿಕದಲ್ಲಿ ತಯಾರಾದ ಗಾರ್ಡನ್ ಟ್ರ್ಯಾಕ್ಟರುಗಳನ್ನು ಫರ್ಗುಸನ್ ಮಾಡಲಿಲ್ಲ, ಆದರೆ ಅವುಗಳಲ್ಲಿ ಹಲವು ಅವರ ಮೂರು ತೋಳುಗಳನ್ನೇ ಕಿರಿದಾಗಿಸಿಕೊಂಡವು. ಈ ಶೂನ್ಯ ವರ್ಗದಲ್ಲಿ ಪಿನ್ನುಗಳು 5/8 ಇಂಚು. ಕೆಲವು ಗಾರ್ಡನ್ ಟ್ರ್ಯಾಕ್ಟರುಗಳಲ್ಲಿ ಸ್ಲೀವ್ ಹಿಚ್ ಎಂಬ ಬೇರೆಯೇ ಜೋಡಣೆ ಇರುತ್ತದೆ. ಯಾವ ಜೋಡಣೆ ಎಂದು ತಿಳಿಯದೆ ಕೊಂಡ ಉಪಕರಣ ಮನೆಯಲ್ಲಿ ಕಬ್ಬಿಣದ ರಾಶಿಯಾಗಿ ಉಳಿಯುವುದೇ ಹೆಚ್ಚು.

ಬೆಲೆಯ ವಿಷಯದಲ್ಲಿಯೂ ಕೆಲವು ನಿಯಮಗಳಿವೆ. ಗುಜರಿಯ ತೂಕದ ಬೆಲೆ ಕೆಳಗಿನ ಮಿತಿ. ಕುಳ, ಕತ್ತರಿಸುವ ತಟ್ಟೆ, ಲಿವರ್ ಮೊದಲಾದ ಬಿಡಿಭಾಗಗಳೆಲ್ಲ ಇದ್ದರೆ, ತಯಾರಕರ ಫಲಕ ಉಳಿದಿದ್ದರೆ ಬೆಲೆ ಏರುತ್ತದೆ. ಚೌಕಟ್ಟು ಬಾಗಿದ್ದರೆ, ಬೆಸುಗೆ ಹಾಕಿದ್ದರೆ ಇಳಿಯುತ್ತದೆ. ಹೊಸದಾಗಿ ಬಳಿದ ಬೂದು ಬಣ್ಣ ಬಿರುಕನ್ನೂ ಮುಚ್ಚಬಲ್ಲದು. ಅಪರೂಪವಾಗಿದ್ದ ಮಾತ್ರಕ್ಕೆ ಬೆಲೆ ಬರುವುದಿಲ್ಲ, ಕೊಳ್ಳುವವರೂ ಬೇಕು. ಇಂದಿಗೂ ಹೊಲದಲ್ಲಿ ಕೆಲಸ ಮಾಡುವ ನೇಗಿಲನ್ನು ಸಂಗ್ರಾಹಕರೂ ರೈತರೂ ಕೇಳುತ್ತಾರೆ. ಮಾರುವವರು ಹೇಳುವ ಬೆಲೆಗಿಂತ ಹರಾಜಿನಲ್ಲಿ ನಿಜಕ್ಕೂ ಕೈಬದಲಾದ ಬೆಲೆಯೇ ನಂಬಿಕೆಗೆ ಅರ್ಹ. ಭಾರದ ಉಪಕರಣವನ್ನು ದೂರದಿಂದ ತರುವ ಸಾಗಣೆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು.

ಕೊನೆಯ ವರ್ಷಗಳು

1953ರಲ್ಲಿ ಫರ್ಗುಸನ್ ತಮ್ಮ ಉದ್ಯಮವನ್ನು ಕೆನಡಾದ ಮ್ಯಾಸಿ-ಹ್ಯಾರಿಸ್ ಕಂಪನಿಯೊಂದಿಗೆ ವಿಲೀನಗೊಳಿಸಿದರು. ಬೆಲೆಯಲ್ಲಿ 10 ಲಕ್ಷ ಡಾಲರ್ ವ್ಯತ್ಯಾಸ ಬಂದಾಗ ನಾಣ್ಯ ಚಿಮ್ಮಿ ತೀರ್ಮಾನಿಸಿದರು, ಫರ್ಗುಸನ್ ಸೋತು 1.6 ಕೋಟಿ ಡಾಲರಿಗೆ ಒಪ್ಪಿದರು. ಆದರೆ ಬೇರೆಯವರ ಮಾತಿಗೆ ತಲೆಬಾಗುವುದು ಅವರ ಜಾಯಮಾನವಾಗಿರಲಿಲ್ಲ. ಮರುವರ್ಷವೇ ಹೊರಬಂದು ನಾಲ್ಕು ಚಕ್ರಗಳಿಗೂ ಎಂಜಿನ್ ಬಲ ಕೊಡುವ ಕಾರಿನ ಸಂಶೋಧನೆಯಲ್ಲಿ ತೊಡಗಿದರು. ಅವರ ಸಂಸ್ಥೆ ರೂಪಿಸಿದ ಪಿ-99 ಕಾರಿನಲ್ಲಿ ಸ್ಟರ್ಲಿಂಗ್ ಮಾಸ್ 1961ರಲ್ಲಿ ಔಲ್ಟನ್ ಪಾರ್ಕ್ ಪಂದ್ಯ ಗೆದ್ದರು. ಅದನ್ನು ನೋಡಲು ಫರ್ಗುಸನ್ ಇರಲಿಲ್ಲ. 1960ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ತಮ್ಮ ಮನೆಯಲ್ಲಿ ಅವರು ನಿಧನರಾದರು.

ಅದೇ 1960ರಲ್ಲಿ ಅಂದಿನ ಮದ್ರಾಸಿನಲ್ಲಿ ಟಾಫೆ ಕಂಪನಿ ಆರಂಭವಾಗಿ, ಮ್ಯಾಸಿ ಫರ್ಗುಸನ್ ಹೆಸರಿನ ಟ್ರ್ಯಾಕ್ಟರುಗಳು ಭಾರತದ ಹೊಲಗಳನ್ನು ತುಂಬತೊಡಗಿದವು. ಮುಂದೆ ನಮ್ಮ ದೊಡ್ಡಬಳ್ಳಾಪುರದಲ್ಲಿಯೂ ಟಾಫೆಯ ಕಾರ್ಖಾನೆ ತಲೆಯೆತ್ತಿತು. ಪೇಟೆಂಟ್ ಅವಧಿ ಮುಗಿದ ಮೇಲೆ ಮೂರು ತೋಳುಗಳ ಜೋಡಣೆ ಎಲ್ಲ ಕಂಪನಿಗಳ ಸೊತ್ತಾಯಿತು. ತಾಲ್ಲೂಕು ಪಟ್ಟಣದ ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿಸಿದ ಕಲ್ಟಿವೇಟರನ್ನು ಯಾವ ಕಂಪನಿಯ ಟ್ರ್ಯಾಕ್ಟರಿಗಾದರೂ ಕಟ್ಟಬಹುದಾಗಿರುವುದು ಅದರಿಂದಲೇ. ನ್ಯಾಯಾಲಯದಲ್ಲಿ ಫರ್ಗುಸನ್ ಕೇಳಿದ ಬೆಲೆ ಅವರಿಗೆ ಸಿಗಲಿಲ್ಲ. ಉಪಕರಣ ರೈತನ ಕೈಗೆಟುಕಬೇಕೆಂಬ ಅವರ ಆಸೆ ಮಾತ್ರ ಅವರ ಹೆಸರನ್ನೇ ಕೇಳದ ಹಳ್ಳಿಗಳಲ್ಲಿಯೂ ಕೈಗೂಡಿದೆ.